ಕಾಲು ಸುತ್ತು

ಉಪ್ಪು ತಂದುಕೊಟ್ಟವರು ಮ್ಹಾತ್ರೆ.
ಭಾಂಡುಪಿನ ಆಗರದ್ದು, ಅಪ್ಪ ದುಡಿದ ಗದ್ದೆಯ ಕೊನೆಯ ಚೀಲದ್ದು,
ಹಳೆಯ ಸಂಬಳ ಚೀಟಿಯಲ್ಲಿ ಪೊಟ್ಟಣ ಕಟ್ಟಿ.
ಆಗರ ಎಂದರೆ ಅವರಿಗೂ ಆಗರವೇ.
ಸಾಣಿಕಟ್ಟೆಯವಳಿಗೆ ಈ ಟ್ರಾಂಬೆಯಲ್ಲಿ
ಬಿಡಿಸಿ ಹೇಳದೆ ಸಿಕ್ಕಿದ್ದು ಅದೊಂದೇ ಮಾತು.

ಅದರದೊಂದು ಹರಳು, ಸಾಸಿವೆಯ ನೂರನೇ ಪಾಲು,
ಉಕ್ಕಿನ ತಗಡಿನ ತೂತಿನಲ್ಲಿ ಕೂತಿದೆ ಈಗ.
ಮೇಲೊಂದು ವಜ್ರ, ಕೆಳಗೊಂದು ವಜ್ರ,
ಪಕ್ಕಕ್ಕೆ ಮಾಣಿಕ್ಯದ ಚೂರು:
ಒತ್ತಡ ಏರಿದಷ್ಟೂ ಅದರ ಕೆಂಪು
ಇನ್ನೂ ಕೆಂಪಿನತ್ತ ಸರಿದು ಲೆಕ್ಕ ಒಪ್ಪಿಸುತ್ತದೆ.

ಮೊದಲು ಹೀಗಿರಲಿಲ್ಲ.
ಕಿರಣ ನಿಲ್ಲಿಸು, ಸೀಸದ ಬಾಗಿಲು ತೆಗೆ,
ಮ್ಹಾತ್ರೆ ಒಳಹೋಗಿ, ಉಸಿರು ಕಟ್ಟಿ,
ನಾಲ್ಕು ತಿರುಪಿಗೆ ಒಂದೊಂದು ಕಾಲು ಸುತ್ತು.
ಹೊರಬರುವಷ್ಟರಲ್ಲಿ ಹರಳು ದಾರಿ ತಪ್ಪಿರುತ್ತಿತ್ತು
ಕೂದಲೆಳೆಯಷ್ಟು. ಮತ್ತೆ ಹುಡುಕು.
ರಾತ್ರಿಗೆ ಐದು ಅಂಕಿ, ಆರು ಚಹಾ.

ಈಗ ನಾನು ಗೋಡೆಯಾಚೆ.
ಸೂಜಿಯಂಥ ಕೊಳವೆಯಲ್ಲಿ ಹೀಲಿಯಂ ಹೋಗಿ
ಉಕ್ಕಿನ ಪೊರೆ ಉಬ್ಬಿ
ವಜ್ರದ ಬೆನ್ನು ನೂಕುತ್ತದೆ,
ನಾನೊಂದು ಗುಂಡಿ ಒತ್ತಿದ್ದಕ್ಕೆ.
ಬಾಗಿಲು ಸಂಜೆಯಿಂದ ತೆರೆದಿಲ್ಲ.
ಅಂಕಿಗಳು ರಾಶಿ ಬೀಳುತ್ತಿವೆ. ಚಹಾ ಒಂದೇ, ಆರಿದೆ.

ಎರಡು ಗಂಟೆಗೆ ಪನವೇಲಿನಿಂದ ಫೋನು.
ನಿವೃತ್ತಿಯಾದ ಮೇಲೆ ನಿದ್ದೆ ಹತ್ತುವುದಿಲ್ಲವಂತೆ.
"ಎಷ್ಟಾಯ್ತು?"
ಇಪ್ಪತ್ತೆಂಟು ಗಿಗಾಪಾಸ್ಕಲ್, ಎಂದೆ.
"ಹಾಗಲ್ಲ ತಾಯಿ, ಸುತ್ತು ಎಷ್ಟು?"
ಸುತ್ತು ಇಲ್ಲ ಮ್ಹಾತ್ರೆ. ಈಗ ಸುತ್ತೇ ಇಲ್ಲ.
ಆ ಕಡೆ ಸ್ವಲ್ಪ ಹೊತ್ತು ಫ್ಯಾನಿನ ಸದ್ದು.
"ವಜ್ರ ಸೀಳುವ ಮುಂಚೆ ತಿರುಪು ಬೆರಳಿಗೆ ಹೇಳುತ್ತಿತ್ತು.
ಗುಂಡಿ ಏನು ಹೇಳುತ್ತದೆ?"

ಒತ್ತಿದೆ. ಇಪ್ಪತ್ತೊಂಬತ್ತು. ತಡೆದೆ. ಮತ್ತೆ ಒತ್ತಿದೆ.
ಪರದೆಯ ಮೇಲೆ, ಉಂಗುರ ಉಂಗುರಗಳ ನಡುವೆ,
ಏನೂ ಇಲ್ಲದಿದ್ದಲ್ಲಿ ಒಂದು ಮಸುಕು ಉಂಗುರ.
ಆರು ನೆರೆಯವರಿದ್ದ ಕಣಕ್ಕೆ
ಎಂಟು ನೆರೆಯಾಗುತ್ತಿದೆ.
ನಿಮ್ಮ ಉಪ್ಪು ಮಗ್ಗುಲು ಬದಲಿಸಿತು ಮ್ಹಾತ್ರೆ,
ಒಂದೊಂದಕ್ಕೂ ಎಂಟು ನೆರೆಮನೆ.
"ಎಂಟೇ?" ನಕ್ಕರು. "ನಮ್ಮ ಚಾಳಿಗೆ ಬಂದಿಲ್ಲ ನಿಮ್ಮ ಕಣ."

ಆಮೇಲೆ, ಇಡುತ್ತಾರೆ ಅಂದುಕೊಂಡಾಗ,
"ಇಳಿಸುವಾಗ ನಿಧಾನ.
ಏರಿಸುವಾಗ ತಡೆದುಕೊಂಡ ವಜ್ರ
ಇಳಿಸುವಾಗ ಒಡೆಯುತ್ತದೆ."

ಹೀಲಿಯಂ ಬಿಡುತ್ತ ಹೋದೆ, ಮಾನಖುರ್ದಿನ ಮೊದಲ ಲೋಕಲ್ ಕೂಗುವವರೆಗೆ.
ಗುಂಡಿಯ ಮೇಲೆ ಒಂದು ಬೆರಳು.
ಇನ್ನೊಂದು ಕೈಯ ಹೆಬ್ಬೆರಳು, ತೋರುಬೆರಳು
ಮೇಜಿನ ಕೆಳಗೆ, ಗಾಳಿಯಲ್ಲಿ,
ಎಡಕ್ಕೆ ಕಾಲು ಸುತ್ತು, ಎಡಕ್ಕೆ ಕಾಲು ಸುತ್ತು.