ಕೆಮ್ಮಿನ ಲೆಕ್ಕ

ಶಿವಮೊಗ್ಗದ ದುರ್ಗಿಗುಡಿಯ ಓಣಿಯೊಳಗೆ
ನನ್ನ ಮೆಸ್ಸು. ಬೋರ್ಡಿಲ್ಲ. ಘಾಟೇ ಬೋರ್ಡು.
ಬಾಣಲೆಗೆ ಒಣಮೆಣಸು ಬಿದ್ದ ಅರೆಗಳಿಗೆಗೆ
ತಟ್ಟಿಯಾಚೆ ಹೊಲಿಗೆ ಮಿಷನ್ನು ನಿಲ್ಲುತ್ತದೆ,
ದಸ್ತಗೀರ್ ಸಾಬರು ಕೆಮ್ಮುತ್ತಾರೆ.

ಒಂದು ಕೆಮ್ಮು: ಮೆಣಸು ಬೆಚ್ಚಗಾಯಿತು, ಅಷ್ಟೆ.
ಎರಡು: ಹೊಸನಗರದ ಸುಗಂಧಿಗೆ ಸಾಕು,
ಅವಳ ಪಾಲಿನದು ಬೇರೆ ತೆಗೆ.
ನಾಲ್ಕಾದ ಮೇಲೆ ಒಂದು ಸೀನೂ ಬಂತೋ,
ಸಿಂಧನೂರಿನ ಶರಣಗೌಡರಿಗೆ ಸರಿಹೋದೀತು.

ನನಗೆ ಗೊತ್ತಾಗುವುದೇ ಹೀಗೆ.
ಹೊಟ್ಟೆಹುಣ್ಣೆಂದು ಡಾಕ್ಟರು ಖಾರ ಬಿಡಿಸಿ
ಏಳು ವರ್ಷವಾಯಿತು.
ಸೌಟಿನಿಂದ ಅಂಗೈಗೆ ಹನಿಸಿಕೊಳ್ಳುವ ಚಟ
ಕೈಗೆ ಇನ್ನೂ ಇದೆ, ನಾಲಿಗೆಗಿಲ್ಲ.
ಮೂವತ್ತು ಜನಕ್ಕೆ ಹೊಳೆ ಏಡಿಯ ಸಾರು ಕುದಿಸಿ
ಮೂಲೆಯಲ್ಲಿ ಕೂತು ಒಂದೆಲಗದ ತಂಬುಳಿ ಉಣ್ಣುತ್ತೇನೆ.

ಅವರು ಉಣ್ಣುವುದನ್ನು ನೋಡಬೇಕು.
ಶರಣಗೌಡರು ತುತ್ತು ಕಲಸುವ ಮೊದಲೇ
"ಅಕ್ಕಾರ, ಖಾರ ಎಲ್ಲಿ ಹೋಗ್ಯದ್ರಿ?" ಎನ್ನುತ್ತ
ಹಸಿಮೆಣಸಿನಕಾಯಿ ಕಟ್ಟನೆ ಮುರಿಯುತ್ತಾರೆ,
ಪೆನ್ಸಿಲ್ಲು ಮುರಿದ ಹಾಗೆ.
ಮಂಗಳೂರಿನ ಜೆರಾಲ್ಡನಿಗೆ ಕೆಂಪು ಬೇಕು, ಉರಿ ಬೇಡ;
ತೆಂಗಿನಹಾಲೂ ತೆಂಗಿನಹಾಲೂ ಎಂದು ರಾಗ ಎಳೆಯುತ್ತಾನೆ.
ಎಲ್‌ಐಸಿಯ ಮಾದಪ್ಪನವರದು ಬೇರೆಯೇ ವಾದ:
ಖಾರವೆಂದರೆ ಕಾಳುಮೆಣಸು,
ಗಂಟಲಲ್ಲಿ ನಿಧಾನ ಇಳಿಯಬೇಕು, ಉಳಿದದ್ದೆಲ್ಲ ಗಲಾಟೆ.
ಹೇಳುತ್ತ ಹೇಳುತ್ತ ಬೋಳುತಲೆಯ ಮೇಲೆ
ಬೆವರು ಸಾಸಿವೆಕಾಳಿನ ಹಾಗೆ ಮೂಡುತ್ತದೆ,
ಟವೆಲಿನಿಂದ ಒರೆಸಿ "ಇನ್ನೊಂದು ಸೌಟು" ಎನ್ನುತ್ತಾರೆ.

ಸುಗಂಧಿ ನರ್ಸಿಂಗ್ ಓದುವ ಹುಡುಗಿ.
ತುತ್ತಿಗೊಂದು ಗುಟುಕು ಮಜ್ಜಿಗೆ, ಮೂಗು ದಾಸವಾಳ.
ಅವಳೇ ಹೇಳಿದ್ದು: ಖಾರ ರುಚಿಯಲ್ಲ ಅಕ್ಕಾ, ನೋವು.
ನಾಲಿಗೆ ಸುಟ್ಟಿತೆಂದು ತಲೆಗೆ ಸುಳ್ಳು ಸುದ್ದಿ ಹೋಗುತ್ತದೆ.
"ಹಂಗಾದ್ರೆ ನಾವು ದುಡ್ಡು ಕೊಟ್ಟು ಹೊಡೆಸ್ಕೊಳ್ತಿದೀವಾ?"
ಮಾದಪ್ಪನವರು ಕೇಳಿದರು.
ಶರಣಗೌಡರು ನಕ್ಕರು, ನೆತ್ತಿಗೆ ಹತ್ತಿತು.

ಹೋದ ಆಷಾಢದಲ್ಲಿ ದಸ್ತಗೀರ್ ಸಾಬರು
ಮೊಮ್ಮಗಳನ್ನು ನೋಡಲು ಹರಿಹರಕ್ಕೆ ಹೋದರು,
ನನಗೆ ಹೇಳದೆ.
ಮೆಣಸು ಹುರಿದೆ. ತಟ್ಟಿಯಾಚೆ ಸದ್ದಿಲ್ಲ.
ಇನ್ನಷ್ಟು ಹಾಕಿದೆ. ಸದ್ದಿಲ್ಲ.
ಸುಗಂಧಿಯ ಪಾಲು ತೆಗೆಯಲು ಎರಡನೇ ಕೆಮ್ಮೇ ಬರಲಿಲ್ಲ.
ಏನಾಗಿದೆ ಈ ಮೆಣಸಿಗೆ ಎಂದು
ಒಂದು ಹಿಡಿ ಸೂಜಿಮೆಣಸು ಅರೆದು ಸುರಿದೆ.

ಆ ಮಧ್ಯಾಹ್ನ ಮೆಸ್ಸಿನಲ್ಲಿ ಮಾತಿಲ್ಲ.
ಫ್ಯಾನಿನ ಸದ್ದು, ಮೂಗೆಳೆಯುವ ಸದ್ದು.
ಜೆರಾಲ್ಡ್ ಏಸುವನ್ನು ಕರೆದ.
ಮಾದಪ್ಪನವರ ಟವೆಲು ಹಿಂಡುವಂತಾಯಿತು.
ಸುಗಂಧಿ ಅಳುತ್ತಲೇ ಎರಡನೇ ಸಲ ಅನ್ನ ಹಾಕಿಸಿಕೊಂಡಳು,
ಯಾಕೆ ಎಂದರೆ ಗೊತ್ತಿಲ್ಲ ಎಂದಳು.
ಶರಣಗೌಡರು "ನಮ್ಮವ್ವನ ಕೈ..." ಎಂದು
ಅಷ್ಟಕ್ಕೇ ನಿಲ್ಲಿಸಿದರು.
ತಟ್ಟೆಯ ಅಂಚಿನಲ್ಲಿ ಹಸಿಮೆಣಸಿನಕಾಯಿ
ಮುರಿಯದೆ ಹಾಗೇ ಬಿದ್ದಿತ್ತು.

ಇನ್ನೆರಡು ದಿನ ಹೆದರಿ ಹೆದರಿ ಅಡುಗೆ ಮಾಡಿದೆ.
ಯಾರೂ ಬೈಯಲಿಲ್ಲ, ಯಾರೂ ಹೊಗಳಲಿಲ್ಲ.

ನಾಲ್ಕನೇ ಬೆಳಿಗ್ಗೆ ಮಿಷನ್ನು ಗರಗರ ಎಂದಿತು.
ಒಲೆ ಸಣ್ಣ ಮಾಡಿ ಓಡಿದೆ.
ಕೆಮ್ಮಿನ ಲೆಕ್ಕವನ್ನೆಲ್ಲ ಹೇಳಿಕೊಂಡೆ.
ಸಾಬರು ತುಟಿಯಲ್ಲಿ ಸೂಜಿ ಕಚ್ಚಿಕೊಂಡೇ ನಕ್ಕರು.
ಏಳು ವರ್ಷ ಪುಕ್ಕಟೆ ಕೆಮ್ಮಿಸಿಕೊಂಡೆ,
ಒಂದು ದಿನ ಒಂದು ಬಟ್ಟಲು ಸಾರು ಕೊಟ್ಟವಳಲ್ಲ.

ಅವತ್ತು ಬಂಗುಡೆ.
ನಾಲ್ಕು ಕೆಮ್ಮು, ಒಂದು ಸೀನು, ಎಣಿಸಿ ಇಳಿಸಿ
ಮೊದಲ ಬಟ್ಟಲು ತಟ್ಟಿ ದಾಟಿಸಿದೆ.
ಬೆರಳದ್ದಿ ನೆಕ್ಕಿದರು. ಕಣ್ಣು ಮುಚ್ಚಿದರು.
ಕೊರಳಲ್ಲಿ ಅಳತೆಯ ಟೇಪು ತೂಗುತ್ತಿತ್ತು.
"ಚೆನ್ನಾಗೈತೆ ಅಕ್ಕಾ," ಎಂದರು. ಆಮೇಲೆ ತುಸು ತಡೆದು,
ಬಿಗಿಯಾದ ಬ್ಲೌಸು ವಾಪಸು ತಂದ ಗಿರಾಕಿಯ ದನಿಯಲ್ಲಿ,
"ಸ್ವಲ್ಪ ಸಪ್ಪೆ."