ಅಳತೆ ಪುಸ್ತಕ

ಸುಮ್ಮನೆ ನಡೆಯಲು ಬೇಜಾರು ಎಂದಿದ್ದಕ್ಕೆ
ಕಾಜಾ ಹಾಕುವ ಹುಡುಗಿ ಪ್ರಣಾಲಿ
ನನ್ನ ಫೋನಿಗೆ ಒಂದು ಕಥೆ ಇಳಿಸಿಕೊಟ್ಟಳು.
ಗುಡ್ಡದ ಮೇಲೊಂದು ಗೋಪುರ, ಗೋಪುರದಲ್ಲೊಂದು ಗಂಟೆ,
ಗಂಟೆಗೆ ನಾಲಗೆಯಿಲ್ಲ.
ಕಂಚುಗಾರನ ಮಗಳು ಅದನ್ನು ಗಂಟು ಕಟ್ಟಿಕೊಂಡು
ಒಂಬೈನೂರು ಕಿಲೋಮೀಟರು ಹೋಗಬೇಕು.
ನೀನು ನಡೆದಷ್ಟೇ ಅವಳೂ ನಡೀತಾಳೆ ಮೌಶಿ,
ನೀನು ಕೂತರೆ ಅವಳೂ ಅಲ್ಲೇ.

ಡಾಕ್ಟರು ಹೇಳಿದ್ದು ಸಕ್ಕರೆಯ ಮಾತು.
ನನಗೆ ತಟ್ಟಿದ್ದು ಇದು:
ಎಲ್ಲೋ ಕಾಡಿನ ನಡುವೆ ಒಬ್ಬಳು
ನಾನು ಏಳಲಿ ಎಂದು ಕಾಯುತ್ತಿದ್ದಾಳೆ.

ಐದೂವರೆಗೆ ನೀರು ಬರುತ್ತದೆ, ಆರಕ್ಕೆ ನಿಲ್ಲುತ್ತದೆ.
ಆರೂ ಹತ್ತಕ್ಕೆ ಆಂಟಾಪ್ ಹಿಲ್ಲಿನ ಇಳಿಜಾರಿನಲ್ಲಿ
ನನ್ನ ಬಲಮಂಡಿ ಕಟಕಟ ಅನ್ನುತ್ತಿರುತ್ತದೆ.
ಮೊನೊರೈಲಿನ ಕಂಬ ಎಣಿಸುತ್ತ ವಡಾಲಾ,
ಸೇತುವೆ ಹತ್ತಿ ಇಳಿದು ಫೈವ್ ಗಾರ್ಡನ್.
ಬೆಂಚಿನ ಮೇಲೆ ಕೂತು ನೋಡಿದರೆ
ಅವಳು ಏಳು ಕಲ್ಲಿನ ಹೊಳೆ ದಾಟಿದ್ದಾಳೆ!
ಕಾರ್ಡಿನಂಥ ಚಿತ್ರ ಬರುತ್ತದೆ, ನೀಲಿ ನೀರು,
ಕೆಳಗೆ ಇಂಗ್ಲಿಷಿನಲ್ಲಿ ಏನೋ. ಓದಲು ಪ್ರಣಾಲಿಯೇ ಬರಬೇಕು.

ಲೆಕ್ಕ ಫೋನೇ ಇಡುತ್ತದಂತೆ. ಇಡಲಿ.
ನಾನು ಅಳತೆ ಪುಸ್ತಕದಲ್ಲೂ ಬರೆಯುತ್ತೇನೆ.
ಮೂವತ್ತೊಂದು ವರ್ಷದ ಅಭ್ಯಾಸ,
ಬರೆಯದ ಅಳತೆ ಬಿಗಿಯಾಗುತ್ತದೆ.
ಸಬೀಹಾ: ಎದೆ ಮೂವತ್ತಾರು, ತೋಳು ಹತ್ತು, ಹಿಂದೆ ಡೋರಿ.
ಹುಡುಗಿ: ನಲವತ್ತೆರಡು ಕಿಲೋಮೀಟರು, ಎರಡು ಫರ್ಲಾಂಗು ಕಮ್ಮಿ.
ಥೋರಾತ್ ಬಾಯಿ: ಫಾಲ್, ಪಿಕೊ, ಹಳೆ ಬಾಕಿ ಅರವತ್ತು.
ಹುಡುಗಿ: ನಿದ್ದೆ ಬಾರದ ಛತ್ರ. ರಾತ್ರಿ ಅಲ್ಲೇ.

ಆಮೇಲೆ ದೀಪಾವಳಿ ಬಂತು.
ಬ್ಲೌಸಿನ ರಾಶಿ ಕಿಟಕಿಯವರೆಗೆ.
ಹತ್ತೊಂಬತ್ತು ದಿನ ನಾನು ಮಶೀನು ಬಿಟ್ಟು ಏಳಲಿಲ್ಲ,
ಹತ್ತೊಂಬತ್ತು ದಿನ ಅವಳು ಉಪ್ಪಿನ ಬಯಲಿನಲ್ಲಿ ನಿಂತೇ ಇದ್ದಳು.
ವಡಾಲಾದ ಉಪ್ಪಿನಾಗರ ನೋಡಿದ್ದೇನೆ,
ನೆರಳಿಗೆ ಒಂದು ಗಿಡ ಇಲ್ಲ.
ಡಬ್ಬಿ ತೆರೆದರೆ ಅವಳದೇ ನೆನಪು,
ಅನ್ನ ಗಂಟಲಲ್ಲಿ.

ಅವತ್ತು ರಾತ್ರಿ ದಾರ ತುಂಡಾದಾಗ ಗಮನಿಸಿದೆ:
ಕಾಲು ನಿಂತಿರಲಿಲ್ಲ.
ಪೆಡಲಿನ ಮೇಲೆ ಹಿಮ್ಮಡಿ, ತುದಿ, ಹಿಮ್ಮಡಿ, ತುದಿ,
ಕೂತಲ್ಲೇ ಸೇಡಂಗೆ ಎಷ್ಟು ಸಲ ಹೋಗಿ ಬಂದೆನೋ
ಯಾರು ಎಣಿಸಿದರು?
ಫೋನನ್ನು ಕಾಲುಚೀಲದೊಳಗೆ ಸಿಕ್ಕಿಸಿ
ಮತ್ತೆ ದಾರ ಪೋಣಿಸಿದೆ.

ಬೆಳಿಗ್ಗೆ ನೋಡಿದರೆ ಉಪ್ಪು ಮುಗಿದಿತ್ತು.

ಇದು ಮೋಸ ಮೌಶಿ, ಪ್ರಣಾಲಿ ನಕ್ಕಳು.
ಪಟ್ಟಿಯಲ್ಲಿ ನನಗಿಂತ ಮುಂದಿದ್ದ ಕಳವಾದ ವಾರಿಜಕ್ಕ
ಫೋನು ಮಾಡಿಯೇ ಬೈದಳು,
ತನ್ನದನ್ನು ಮೊಮ್ಮಗಳ ತೊಟ್ಟಿಲಿಗೆ ಕಟ್ಟಿದ್ದು ಮರೆತು.
ಮೋಸವೇ ಇರಬಹುದು. ಗೊತ್ತಿಲ್ಲ.
ಗುಡ್ಡ ಹತ್ತುವಾಗ ಮಾತ್ರ ಹೊಲಿಯಲಿಲ್ಲ ನಾನು.
ಕೊನೆಯ ಹನ್ನೊಂದು ಕಿಲೋಮೀಟರು
ಮೂರು ಮುಂಜಾನೆ, ಮಂಡಿಗೆ ಪಟ್ಟಿ ಸುತ್ತಿಕೊಂಡು
ನಡೆದೇ ತೀರಿಸಿದೆ.

ಸೇತುವೆಯ ನಡುಮೆಟ್ಟಿಲಲ್ಲಿ ಫೋನು ಟಿಣ್ ಎಂದಿತು.
ಅಷ್ಟೇ. ಒಂದು ಸಲ.
ಅಷ್ಟು ದೂರ ಹೊತ್ತು ತಂದ ನಾಲಗೆ
ಇನ್ನೊಂದು ಮಾತು ಆಡಬಾರದೇ?
ಹಿಂದಿನವರು ಪುಢೇ ಚಲಾ, ಪುಢೇ ಚಲಾ ಎಂದರು,
ಪನ್ವೇಲ್ ಲೋಕಲ್ ಬಂದಿತ್ತು.

ಸಂಜೆ ಅಂಗಡಿಯಲ್ಲಿ ಕೊನೆಯ ಚಿತ್ರ ದೊಡ್ಡದು ಮಾಡಿ ನೋಡಿದೆ.
ಗೋಪುರದ ಕೆಳಗೆ ಅವಳು.
ಮೊದಲ ದಿನದ ಅದೇ ರವಿಕೆ, ಕಂಕುಳಲ್ಲಿ ಹರಿದದ್ದು.
ಇಷ್ಟು ದಾರಿಯಲ್ಲಿ ಒಬ್ಬರೂ ಒಂದು ಹೊಲಿಗೆ ಹಾಕಿಲ್ಲ.
ಪುಟ ತಿರುವಿ ಕಣ್ಣಳತೆಯಲ್ಲೇ ಬರೆದೆ:
ಎದೆ ಮೂವತ್ತು. ಸೊಂಟ ಇಪ್ಪತ್ತಾರು. ಉದ್ದ ಹದಿಮೂರು.
ಸಬೀಹಾಳ ಹಸಿರು ತುಂಡು ಉಳಿದಿದೆ, ಸಾಕಾಗುತ್ತದೆ.
ತೋಳಿನ ಜಾಗ ಖಾಲಿ ಬಿಟ್ಟಿದ್ದೇನೆ;
ಯಾವ ಚಿತ್ರದಲ್ಲೂ ಅವಳು
ಗಂಟಿನಿಂದ ಕೈ ತೆಗೆದಿಲ್ಲ.