ಒತ್ತು

ಊರಿಗೆ ಬಂದ ಮೂರನೇ ದಿನ
ಗುತ್ತಲು ರಸ್ತೆಯ ನಮ್ಮ ಜಗಲಿ ತುಂಬ ಜನ.
"ಅದೇನ್ ಆಡುದ್ರಿ ಅಲ್ಲಿ? ಒಂದ್ಸಾರಿ ಆಡವ್ವ, ಕೇಳಾನ."
ಚಪ್ಪಲಿ ಬಿಟ್ಟು, ಕೈ ಹಿಂದೆ ಕಟ್ಟಿ,
ಫ್ಲೇವಿಯಾ ಮಿಸ್ ಹೇಳಿಕೊಟ್ಟ ಹಾಗೆ ಭುಜ ಸಡಿಲಿಸಿ
ಹಾಡಿದೆ.
ಮಂ ಎಂದು ಹದಿನಾರು ಎಣಿಕೆ.
ಒಂದು ಮೆಟ್ಟಿಲು ಕೆಳಗಿಳಿದು, ಎಂಟು.
ಮತ್ತೆ ಅದೇ ಮಂ.
ಪಕ್ಕದ ಮನೆಯ ಸಾಕಮ್ಮತ್ತೆ ಕಾದಳು, ಕಾದಳು,
ಕೊನೆಗೆ, "ಆಡು ಯಾವಾಗ ಸುರು ಆಯ್ತದೆ?" ಅಂದಳು.

ಮುಗಿದಿತ್ತು ಅತ್ತೆ. ನನ್ನ ಪಾಲು ಅಷ್ಟೇ.
ಮೇಲಿನದೆಲ್ಲ ಸಿಂಚನಾಳ ಕಡೆಯವರದು,
ನಾನೂ ತಸ್ಮಿಯಾಳೂ ನೆಲಮಾಳಿಗೆಯವರು.

ಇದಕ್ಕೇ ಎರಡು ಸಲ ಮೈಸೂರಿಗೆ ಹೋಗಿ ಪಾಸ್‌ಪೋರ್ಟು ಮಾಡಿಸಿದ್ದು,
ಪೊಲೀಸಿನವರು ಮನೆಗೆ ಬಂದು, ಟೀ ಕುಡಿದು,
ತಾತನ ಕಸುಬೇನೆಂದು ಕೇಳಿ, ಬರೆದುಕೊಳ್ಳದೆ ಎದ್ದುಹೋದದ್ದು.
ಬೆಲ್ಲದ ಮಂಡಿಯ ಸಾಹುಕಾರರು ಹದಿನೆಂಟು ಸ್ವೆಟರ್ ಕೊಡಿಸಿದರು,
ಎಲ್ಲ ಒಂದೇ ಅಳತೆ. ನನ್ನದು ಮೊಣಕಾಲಿನ ತನಕ.

ಲ್ಯಾಟ್ವಿಯಾದಲ್ಲಿ ರಾತ್ರಿ ಹತ್ತಾದರೂ ಬಿಸಿಲು.
ಹೊತ್ತು ಮುಳುಗದೆ ಉಣ್ಣುವುದು ಹೇಗೆಂದು ತಿಳಿಯದೆ
ಹಾಸಿಗೆಯ ಮೇಲೆ ಕೂತು, ಕಪ್ಪು ಬ್ರೆಡ್ಡಿಗೆ
ಹುಚ್ಚೆಳ್ಳು ಚಟ್ನಿಪುಡಿ ಉದುರಿಸಿಕೊಂಡು ತಿಂದೆವು.
ಪಕ್ಕದ ಕೋಣೆಯಲ್ಲಿ ಯಾವುದೋ ದೇಶದ ಹುಡುಗರ ಅಭ್ಯಾಸ.
ಗೋಡೆ ದಾಟಿ ಬಂದದ್ದು
ಅವರ ಕೆಳದನಿ ಮಾತ್ರ.
ತಸ್ಮಿಯಾ ಗೋಡೆಗೆ ಕಿವಿಯಿಟ್ಟು
"ನಮ್ಮೋರು ಕಣೇ" ಅಂದಳು.

ಸ್ಪರ್ಧೆಯ ದಿನ ಮರದ ವೇದಿಕೆ, ನಮ್ಮ ಬರಿಗಾಲು.
ಎರಡನೇ ಚರಣಕ್ಕೆ ಸಿಂಚನಾಳ ಗಂಟಲು ಕಟ್ಟಿತು.
ಮಿಸ್ಸಿನ ಕಣ್ಣು ಅವಳ ಕಡೆ ಹೋಗಲಿಲ್ಲ,
ನಮ್ಮ ಕಡೆ ಬಂತು.
ನಾವೇನೂ ಮಾಡಲಿಲ್ಲ. ಮಾಡುತ್ತಿದ್ದುದನ್ನೇ ಮಾಡುತ್ತಿದ್ದೆವು.
ಮೂರೋ ನಾಲ್ಕೋ ಎಣಿಕೆ. ಅವಳು ಕಾಲಿಟ್ಟು ನೋಡಿ, ಹತ್ತಿದಳು.
ಹದಿನೇಳು ತಂಡಗಳಲ್ಲಿ ನಾವು ಹನ್ನೊಂದನೆಯವರು.
ವೀಡಿಯೋದಲ್ಲಿ ನನ್ನ ಎಡಗಿವಿ ಕಾಣುತ್ತದೆ.

ಇದನ್ನೆಲ್ಲ ಸಾಕಮ್ಮತ್ತೆಗೆ ಹೇಗೆ ಹೇಳಲಿ?
ಚಾಕೊಲೇಟು ಮುಗಿಯಿತು. ಜಗಲಿ ಖಾಲಿಯಾಯಿತು.

ತಾತ ಮಾತ್ರ ಕಂಬಕ್ಕೊರಗಿ ಕೂತಿದ್ದ.
ಚಲುವಯ್ಯ, ಓಲಗದಲ್ಲಿ ನಲವತ್ತು ವರ್ಷ ಒತ್ತು ಊದಿದವನು:
ನಾಗಸ್ವರದವರ ಹಿಂದೆ ನಿಂತು ಒಂದೇ ಸ್ವರ,
ಧಾರೆಯಿಂದ ಹೆಣ್ಣೊಪ್ಪಿಸುವ ತನಕ ಒಂದೇ ಸ್ವರ.
ಊರಿನ ಮದುವೆ ಫೋಟೋಗಳಲ್ಲಿ ಅವನದು ಅರ್ಧ ಭುಜ,
ಕಾಸು ಹಂಚುವಾಗ ಅರ್ಧ ಪಾಲು.
ಒಂದನೇ ಕ್ಲಾಸಿನಲ್ಲಿ ನಾನು ಒತ್ತು ಮರೆತು
ಅಕ್ಕಿಯನ್ನು ಅಕಿ, ಅವ್ವನನ್ನು ಅವ ಎಂದು ಬರೆದಾಗ
ಸ್ಲೇಟು ಹಿಡಿದು ನಕ್ಕಿದ್ದ,
"ಕೆಳಗಿರೋನ್ನ ಬುಟ್ರೆ ಇಂಗೇಯ ಆಗೋದು."

ಈಗ ಕೇಳಿದ:
"ಅದ್ನಾರ್ ಎಣಿಕೆ ಅಂದ್ರೆ, ಉಸ್ರು ಎಲ್ಲಿ ತಕಂತಿದ್ದೆ?"

ಮಂಡ್ಯದಲ್ಲಿ, ವಿಮಾನದಲ್ಲಿ, ಹೊತ್ತು ಮುಳುಗದ ಆ ಊರಿನಲ್ಲಿ
ಯಾರೂ ಕೇಳಿರಲಿಲ್ಲ.
ಹೇಳಿದೆ: ನಾನು ತಗೊಳ್ಳುವಾಗ ತಸ್ಮಿಯಾ ಬಿಡುವುದಿಲ್ಲ,
ಅವಳು ತಗೊಳ್ಳುವಾಗ ನಾನು.
ಕೇಳುವವರಿಗೆ ಸಂದು ಸಿಗುವುದಿಲ್ಲ.

ತಾತ ಬಹಳ ಹೊತ್ತು ಸುಮ್ಮನಿದ್ದ.
"ಇಬ್ರಿದ್ರಾ," ಅಂದ.
"ನಂಗೆ ಕೆನ್ನೆ ಬುಟ್ರೆ ಇನ್ಯಾರೂ ಇರ್ನಿಲ್ಲ ಕಣವ್ವ."
ಆಮೇಲೆ ಹಲ್ಲಿಲ್ಲದ ಬಾಯಿ ಬಿಗಿದು, ಕೆನ್ನೆ ಉಬ್ಬಿಸಿ
ತೋರಿಸಿದ: ಮೂಗಿಂದ ಒಳಗೆ, ತುಟಿಯಿಂದ ಹೊರಗೆ.
ದಮ್ಮಿನ ಎದೆ. ಎಂಟಕ್ಕೆ ನಡುಗಿತು.
ಒಂಬತ್ತಕ್ಕೆ ನಾನು ಸೇರಿಕೊಂಡೆ,
ಅವನು ಉಸಿರು ತಗೊಳ್ಳಲಿ ಎಂದು.